ನೈಟಿಯಾ ಮೀನನ್ನು ಕಲ್ಲಿನಿಂದ ಬಿಡಿಸುವುದು

ಮೀನಿನ ಪಳೆಯುಳಿಕೆ ಬಿಡಿಸುವುದನ್ನು ಹೊಸದಾಗಿ ಕಲಿಯುವವರಿಗೆ ನೈಟಿಯಾ ಎಂಬ ಪುಟ್ಟ ಮೀನು ಸಾಕು. ಅಮೆರಿಕದ ವಯೋಮಿಂಗ್‌ನ ಕೆಮ್ಮರರ್ ಸುತ್ತಮುತ್ತ, ಸುಮಾರು 5.2 ಕೋಟಿ ವರ್ಷ ಹಿಂದಿನ ಕೆರೆಯ ತಳದ ಸುಣ್ಣಕಲ್ಲಿನಲ್ಲಿ ಇವು ರಾಶಿಗಟ್ಟಲೆ ಸಿಗುತ್ತವೆ. ಮೀನು ಬಿಡಿಸದ ಕಲ್ಲುಹಲಗೆಗಳೂ ಮಾರಾಟಕ್ಕಿವೆ. ಒಂದು ಕೆಟ್ಟರೆ ದೊಡ್ಡ ನಷ್ಟವೇನಲ್ಲ.

ಕಲ್ಲನ್ನು ನೀರಿಗೆ ಹಾಕಬೇಡಿ, ಪದರ ಬಿಡುತ್ತದೆ. ವಿನೆಗರ್ ಅಂತೂ ಬೇಡವೇ ಬೇಡ: ಅದು ಸುಣ್ಣಕಲ್ಲನ್ನು ಕರಗಿಸುತ್ತದೆ, ಆಸರೆ ತಪ್ಪಿದ ಮುಳ್ಳುಗಳು ಉದುರುತ್ತವೆ. ಪಿನ್ ವೈಸ್ ಎಂಬ ಪುಟ್ಟ ಹಿಡಿಕೆಗೆ ಸಿಕ್ಕಿಸಿದ ಗಟ್ಟಿ ಸೂಜಿ, ಮೆತ್ತನೆ ಬ್ರಷ್, 10 ಪಟ್ಟು ದೊಡ್ಡದಾಗಿ ತೋರಿಸುವ ಮೈಕ್ರೋಸ್ಕೋಪ್, ಧೂಳಿಗೆ ಎನ್95 ಮಾಸ್ಕ್ ಇದ್ದರೆ ಆಯಿತು. ದೀಪ ಮೇಲಿನಿಂದಲ್ಲ, ಪಕ್ಕದಿಂದ ಬೀಳಲಿ. ಕಲ್ಲಿನಡಿಯ ಬೆನ್ನುಮೂಳೆಯ ಉಬ್ಬು ಆಗಲೇ ಕಾಣುವುದು.

ಆ ಉಬ್ಬಿನಿಂದ ಶುರು ಮಾಡಿ ಹೊರಕ್ಕೆ ಸಾಗಿ. ಸೂಜಿಯನ್ನು ಆದಷ್ಟು ಮಲಗಿಸಿ ಹಿಡಿದು ಪುಡಿ ಪುಡಿಯಾಗಿ ಕೆರೆಯಿರಿ. ಕೆನೆಬಣ್ಣದ ಪುಡಿಯಲ್ಲಿ ಕಂದು ಚೂರು ಕಂಡರೆ ಕೈ ನಿಲ್ಲಿಸಿ, ಅದು ಮೂಳೆ. ಈಜುರೆಕ್ಕೆ ಕೊನೆಗಿರಲಿ. ಅದರ ಕಡ್ಡಿಗಳು ಕೂದಲಿನಷ್ಟು ತೆಳು. ಬುಡದಿಂದ ತುದಿಯ ಕಡೆಗೇ ಕೆರೆಯಬೇಕು, ಅಡ್ಡಡ್ಡ ಎಳೆದರೆ ಒಂದೇ ಏಟಿಗೆ ಹತ್ತು ಕಡ್ಡಿ ಹೋಗುತ್ತವೆ. ಮೀನಿನ ಗುರುತು ಹಿಡಿಯುವುದೇ ರೆಕ್ಕೆಗಳಿಂದ ಅನ್ನುವುದನ್ನು ಮರೆಯಬೇಡಿ.

ಬೂತಾಯಿ ಮೀನಿನ ಹೊಟ್ಟೆಯ ಅಂಚನ್ನು ಬಾಲದಿಂದ ತಲೆಯ ಕಡೆಗೆ ಸವರಿದರೆ ಗರಗಸದ ಹಾಗೆ ತಡೆಯುತ್ತದಲ್ಲ, ಅಂಥ ಮುಳ್ಳುಹುರುಪೆಗಳ ಸಾಲು ನೈಟಿಯಾದಲ್ಲೂ ಇದೆ. ಆದರೆ ಅದೇ ಕಲ್ಲಿನಲ್ಲಿ ಸಿಗುವ ಡಿಪ್ಲೊಮಿಸ್ಟಸ್ ಎಂಬ ಮೀನಿನಲ್ಲೂ ಇರುವುದರಿಂದ ಅಷ್ಟರಲ್ಲೇ ತೀರ್ಮಾನಿಸುವಂತಿಲ್ಲ. ಗುದದ ಬಳಿಯ ರೆಕ್ಕೆ ನೋಡಿ: ಉದ್ದಕ್ಕೆ ಬಾಲದ ಹತ್ತಿರದವರೆಗೂ ಹೋಗಿದ್ದು, ಬಾಯಿಯೂ ಮೇಲ್ಮುಖವಾಗಿದ್ದರೆ ಡಿಪ್ಲೊಮಿಸ್ಟಸ್; ರೆಕ್ಕೆ ಗಿಡ್ಡವಿದ್ದರೆ ನೈಟಿಯಾ. ಮರಿ ಡಿಪ್ಲೊಮಿಸ್ಟಸ್ ನೈಟಿಯಾದ ಹೆಸರಲ್ಲಿ ಕುಳಿತಿರುವುದು ಅಪರೂಪವೇನಲ್ಲ. ಬೆನ್ನಿನ ರೆಕ್ಕೆಯಲ್ಲಿ ದಪ್ಪ ಮುಳ್ಳುಗಳಿದ್ದರೆ ಎರಡೂ ಅಲ್ಲ, ಅಲ್ಲಿಯದೇ ಇನ್ನೊಂದು ಮೀನು ಪ್ರಿಸ್ಕಕಾರಾ ಇರಬಹುದು.

ಸಡಿಲ ಮೂಳೆಗೆ ಪ್ಯಾರಾಲಾಯ್ಡ್ ಬಿ-72 ಎಂಬ, ಅಸಿಟೋನ್‌ನಲ್ಲಿ ಕರಗುವ ಅಂಟು ಹಚ್ಚಬಹುದು. 100 ಮಿಲಿ ಅಸಿಟೋನ್‌ಗೆ 3ರಿಂದ 5 ಗ್ರಾಂ ಸಾಕು. ದ್ರಾವಣ ಮಂದವಾದರೆ ಒಳಗಿಳಿಯದೆ ಮೇಲೆಯೇ ಮಿರಮಿರ ಹೊಳೆಯುತ್ತದೆ; ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿದರೆ ಹೊಳಪು ಹೋದೀತು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಆಗಲೇ ಬಿಡಿಸಿದ ಮೀನನ್ನು ಕೊಂಡಿದ್ದರೆ ಅದೇ ಹತ್ತಿಯನ್ನು ಮೊದಲು ಒಂದು ಮೂಲೆಗೆ ಒತ್ತಿ ನೋಡಿ. ಕಂದು ಬಣ್ಣ ಹತ್ತಿಗೆ ಬಂದರೆ ಆ ಮುಳ್ಳಿಗೆ ಯಾರೋ ಪೇಂಟ್ ಬಳಿದಿದ್ದಾರೆ.