ಕುದುರೆಗೊಂದು ಮನೆ

ಮೂರು ತಿಂಗಳಿಂದ ದಿನಾ ಬೆಳಗ್ಗೆ ಕಾಫಿ ಜೊತೆ 20 ಚೆಸ್ ಪಜಲ್. ಫೋರ್ಕ್ (ಒಂದೇ ಕಾಯಿಂದ ಎರಡಕ್ಕೆ ಏಟು), ಪಿನ್ (ಹಿಂದಿರೋ ದೊಡ್ಡ ಕಾಯಿ ಉಳಿಸೋಕೆ ಅಲ್ಲಾಡದೆ ನಿಲ್ಲೋ ಕಾಯಿ) ಎಲ್ಲಾ ಈಗ ಬೇಗ ಕಣ್ಣಿಗೆ ಬೀಳುತ್ತೆ. ಆದರೆ ಆಟಕ್ಕೆ ಕೂತಾಗ ‘ಇಲ್ಲೊಂದು ಏಟಿದೆ, ಹುಡುಕು’ ಅಂತ ಯಾರೂ ಹೇಳಲ್ಲ. ಹದಿನೈದನೇ ನಡೆಗೆ ಕೈ ನಿಂತುಬಿಡುತ್ತೆ.

ನಿನ್ನೆ ರಾತ್ರಿ 1953ರ ಜ್ಯೂರಿಕ್ ಚೆಸ್ ಟೂರ್ನಿಯಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳು ಆಡಿದ ರೆಷೆವ್‌ಸ್ಕಿ–ಪೆಟ್ರೋಸಿಯನ್ ಆಟವನ್ನು ಬೋರ್ಡ್ ಮೇಲೆ ಆಡಿ ನೋಡಿದೆ. 25ನೇ ನಡೆಯಲ್ಲಿ ಕಪ್ಪು ಕಾಯಿ ಆಡ್ತಿದ್ದ ಪೆಟ್ರೋಸಿಯನ್ ಆನೆಯನ್ನು ಇ6 ಮನೆಗೆ ಇಡ್ತಾರೆ, ಎದುರಾಳಿಯ ಒಂಟೆ ಬಾಯಿಗೇ! ಚೆಕ್ ಇಲ್ಲ, ಮೇಟ್ ಇಲ್ಲ. ಕುದುರೆ ಇ7ರ ಮೂಲಕ ಡಿ5ಕ್ಕೆ ಬಂದು ಕೂರಬೇಕು, ಬಿಳಿ ಕಾಲಾಳುಗಳ ದಾರಿ ಮುಚ್ಚಬೇಕು, ಅಷ್ಟೇ. ಆಟ ಡ್ರಾ ಆಯ್ತು. ಆ ಮನೆ ಬೇಕು ಅಂತ ಮೊದಲು ಅನ್ನಿಸಿದ್ದಕ್ಕೇ ಆನೆ ಕೊಡೋ ಲೆಕ್ಕ ಹಾಕಿದ್ದು ಅನ್ಸುತ್ತೆ.

ಇವತ್ತು ಪಜಲ್ ಹತ್ತಕ್ಕೇ ನಿಲ್ಲಿಸಿದೆ. ಸೋತ ಆಟವೊಂದನ್ನು ತೆಗೆದು, ನನ್ನ ಕುದುರೆಗೆ ಒಳ್ಳೆ ಮನೆ ಯಾವುದಿತ್ತು ಅಂತ ಹುಡುಕ್ತಾ ಕೂತಿದ್ದೀನಿ.