ಬುಡಾಪೆಸ್ಟ್‌ಗೆ ಬುಡಾಪೆಸ್ಟ್ ಪಾತ್ರ ಸಿಗೋದೇ ಕಷ್ಟ

ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನಲ್ಲಿ ಸ್ವಲ್ಪ ವರ್ಷ ಇದ್ದವರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಇಂಗ್ಲಿಷ್ ಸಿನಿಮಾ ನೋಡುವಾಗ ಕಣ್ಣು ನಾಯಕನ ಮೇಲೆ ನಿಲ್ಲುವುದಿಲ್ಲ. ಅವನ ಹಿಂದಿನ ಗೋಡೆ, ಬಾಗಿಲು, ಟ್ರಾಮ್ ತಂತಿಯನ್ನೇ ಹುಡುಕುತ್ತಿರುತ್ತದೆ. ‘ಪ್ಯಾರಿಸ್ ಅಂತೆ! ನಮ್ಮ ತರಕಾರಿ ಅಂಗಡಿ ಹಿಂದಿನ ಬೀದಿ ಅಲ್ವಾ ಇದು?’

1996ರ ‘ಎವಿಟಾ’ದಲ್ಲಿ ಬುಡಾಪೆಸ್ಟ್ ಬ್ಯೂನಸ್ ಐರಿಸ್ ಆಗಿತ್ತು. 2005ರ ‘ಮ್ಯೂನಿಕ್’ನಲ್ಲಿ ಪ್ಯಾರಿಸ್ ಆಯಿತು. ‘ಮೂನ್ ನೈಟ್’ ಸರಣಿಯಲ್ಲಿ ಲಂಡನ್ನೂ ಇದೇ, ಕೈರೋ ಕೂಡ ಇದೇ. ‘ದ ಮಾರ್ಷನ್’ನಲ್ಲಿ ನಾಸಾ ಕಚೇರಿ ಅಂತ ತೋರಿಸಿದ್ದು ಡ್ಯಾನ್ಯೂಬ್ ದಡದಲ್ಲಿರುವ ಬಾಲ್ನಾ ಎಂಬ ಗಾಜಿನ ಕಟ್ಟಡವನ್ನು. ಭಾನುವಾರ ನಾವು ಅದರ ಪಕ್ಕದಲ್ಲೇ ಸುಮ್ನೆ ಅಡ್ಡಾಡುತ್ತೇವೆ.

ಬುಡಾ, ಪೆಸ್ಟ್ ಊರುಗಳು 1873ರಲ್ಲಿ ಒಂದಾದ ಮೇಲೆ ಇಲ್ಲಿ ಭರದಿಂದ ಕಟ್ಟಡಗಳು ಎದ್ದವು. ಆ ಕಾಲದ ಬೀದಿಗಳು ಇನ್ನೂ ಹಾಗೇ ಇವೆ. ಬೋರ್ಡು ಬದಲಿಸಿ, ನಾಲ್ಕು ಹಳೇ ಕಾರು ನಿಲ್ಲಿಸಿದರೆ ಯುರೋಪಿನ ಯಾವ ಊರಾದರೂ ಆಗುತ್ತದೆ. ಆದರೆ ಹಾಲಿವುಡ್‌ನವರು ಬರುವುದು ಬರೀ ಚೆಂದ ನೋಡಿ ಅಂತ ನನಗನ್ನಿಸುವುದಿಲ್ಲ. ಹಂಗೇರಿ ಸರ್ಕಾರ 2004ರಿಂದ ಚಿತ್ರೀಕರಣದ ಖರ್ಚಿನಲ್ಲಿ ಒಂದು ಪಾಲು ವಾಪಸ್ ಕೊಡುತ್ತಿದೆ. ಮೊದಲು ಶೇ. 20 ಇತ್ತು, 2018ರಿಂದ ಶೇ. 30. ನೂರು ರೂಪಾಯಿಯಲ್ಲಿ ಮೂವತ್ತು ವಾಪಸ್ ಬಂದರೆ ಯಾರು ಬಿಡುತ್ತಾರೆ ಹೇಳಿ.

ದುಡ್ಡಿಗೆ ಬಂದವರನ್ನು ಇಲ್ಲಿ ಉಳಿಸಿಕೊಂಡಿದ್ದು ಕೆಲಸಗಾರರು. ಬಡಗಿಗಳು, ಬಣ್ಣದವರು, ಹೊಲಿಗೆಯವರು ಒಂದು ಸಿನಿಮಾ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾ ಪಳಗಿದ್ದಾರೆ. ‘ಡ್ಯೂನ್’ನ ಒಳಾಂಗಣಗಳನ್ನು ಕಟ್ಟಿದ್ದು ಇಲ್ಲಿನ ಒರಿಗೊ ಸ್ಟುಡಿಯೋದಲ್ಲಿ. ಅದರ ಸೆಟ್ ಅಲಂಕಾರಕ್ಕೆ 2022ರಲ್ಲಿ ಜುಜಾನ್ನಾ ಶಿಪೋಶ್ ಆಸ್ಕರ್ ಪಡೆದರು. ಎರಡೇ ವರ್ಷಕ್ಕೆ ‘ಪುವರ್ ಥಿಂಗ್ಸ್’ಗಾಗಿ ಜುಜಾ ಮಿಹಾಲೆಕ್‌ಗೂ ಬಂತು. ಇಬ್ಬರೂ ಹಂಗೇರಿಯವರು.

ಇನ್ನೊಂದು ದೊಡ್ಡ ಸ್ಟುಡಿಯೋ ಇರುವುದು ಎತ್ಯೆಕ್‌ನಲ್ಲಿ. ಊರಾಚೆ, ದ್ರಾಕ್ಷಿ ತೋಟಗಳ ನಡುವಿನ ಹಳ್ಳಿ. ಅಲ್ಲಿ ನ್ಯೂಯಾರ್ಕಿನ ಒಂದು ಬೀದಿಯನ್ನೇ ಕಟ್ಟಿಟ್ಟಿದ್ದಾರೆ. ಮುಂದಿನಿಂದ ಇಟ್ಟಿಗೆ ಗೋಡೆ, ಕಬ್ಬಿಣದ ಮೆಟ್ಟಿಲು. ಹಿಂದಕ್ಕೆ ಹೋದರೆ ಬರೀ ಆಸರೆ ಕಂಬಗಳು.

ಈ ಸ್ಟುಡಿಯೋಗೆ ಕೊರ್ಡಾ ಅಂತ ಹೆಸರು. ಇಲ್ಲಿ ನಮ್ಮ ಮೈಸೂರು ಬರುತ್ತದೆ ನೋಡಿ! ಅಲೆಕ್ಸಾಂಡರ್ ಕೊರ್ಡಾ ಹಂಗೇರಿಯಲ್ಲಿ ಹುಟ್ಟಿ, ಮೊದಲ ಮಹಾಯುದ್ಧದ ನಂತರ ದೇಶ ಬಿಟ್ಟು, ಲಂಡನ್‌ನಲ್ಲಿ ದೊಡ್ಡ ನಿರ್ಮಾಪಕನಾದವರು. 1937ರ ‘ಎಲಿಫೆಂಟ್ ಬಾಯ್’ ಅವರ ಚಿತ್ರವೇ. ಅದರಲ್ಲಿ ನಟಿಸಿದ ಹುಡುಗ ಎಚ್.ಡಿ. ಕೋಟೆ ಕಡೆಯ ಕಾರಾಪುರದ ಸಾಬು. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರು ಸೀಮೆಯಲ್ಲಿ ಚಿತ್ರೀಕರಿಸಿದರು. ಉಳಿದದ್ದನ್ನು ಕೊರ್ಡಾ ಅವರ ತಮ್ಮ ಜೋಲ್ತಾನ್ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ತೆಗೆದರು. ಅಂದರೆ ನಮ್ಮ ಕಾಡಿನ ಒಂದಿಷ್ಟು ಭಾಗ ಆಗಲೇ ಇಂಗ್ಲೆಂಡಿನಲ್ಲಿ ಬೆಳೆದಿತ್ತು. ಇಲ್ಲಿಯ ಸಹೋದ್ಯೋಗಿಗಳಿಗೆ ಕೊರ್ಡಾ ಗೊತ್ತು, ಸಾಬು ಗೊತ್ತಿಲ್ಲ. ನಾನು ಬಿಡದೆ ಕೂರಿಸಿಕೊಂಡು ಹೇಳುತ್ತೇನೆ.

ಇನ್ನು ಬೀದಿಯಲ್ಲಿ ಶೂಟಿಂಗ್ ಇದ್ದರೆ ಗೋಳು ಬೇರೆ. ಕಾರು ತೆಗೆಯಿರಿ ಅಂತ ಚೀಟಿ ಅಂಟಿಸುತ್ತಾರೆ. ಕೆಳಮನೆಯ ಅಜ್ಜಿ ಬೈದುಕೊಳ್ಳುತ್ತಲೇ ಕಿಟಕಿಗೆ ದಿಂಬು ಹಾಕಿಕೊಂಡು ನೋಡುತ್ತಾರೆ. ಕೈರೋ, ಲಂಡನ್ ಅಂತ ತೋರಿಸುವಾಗ ನಮ್ಮಂಥ ಮುಖಗಳಿಗೂ ಬೇಡಿಕೆ. ಓದಲು ಬಂದ ದಾವಣಗೆರೆಯ ಹುಡುಗನೊಬ್ಬ ಒಂದು ದಿನ ಮಸಾಲೆ ವ್ಯಾಪಾರಿಯಾಗಿ ನಿಂತು ಬಂದ. ಫೋನಿನ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸಿದ್ದರಂತೆ. ಯಾವ ಚಿತ್ರ ಅಂತ ಹೇಳುವ ಹಾಗಿಲ್ಲ ಅಂದ. ಊಟದ ಬಗ್ಗೆ ಮಾತ್ರ ಅರ್ಧ ಗಂಟೆ ಹೇಳಿದ.