ಶೇರಿಂಗ್ ಮನೆ, ಬಾಡಿಗೆ ತಕರಾರು: ಸಲಹೆ ಕೇಳಲು ಹೋಗುವ ಮುಂಚೆ

ಓದಲು, ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬರುವ ನಮ್ಮ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಮೊದಲು ಇರುವುದು ಶೇರಿಂಗ್ ಮನೆಯಲ್ಲೇ. ರೂಮು ನಿಮ್ಮದು, ಅಡುಗೆಮನೆ ಬಚ್ಚಲುಮನೆ ಎಲ್ಲರದ್ದು. ಡಿಪಾಸಿಟ್ ವಾಪಸ್ ಬರಲಿಲ್ಲ, ಗೋಡೆಗೆ ಬೂಷ್ಟು ಹಿಡಿದಿದೆ, ಮುಂದಿನ ವಾರವೇ ಖಾಲಿ ಮಾಡಿ ಅಂದರು ಎಂದು ಯಾರಾದರೂ ಬಂದು ಹೇಳಿದಾಗ ನಾನು ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್‌ಗೋ, ಮನೆ ಸಮಸ್ಯೆಗಳಿಗೆ ನೆರವಾಗುವ ಶೆಲ್ಟರ್ ಸಂಸ್ಥೆಗೋ, ಯೂನಿವರ್ಸಿಟಿಯ ಸ್ಟೂಡೆಂಟ್ಸ್ ಯೂನಿಯನ್‌ಗೋ ಹೋಗಿ ಮಾತಾಡಿ ಎನ್ನುತ್ತೇನೆ. ಹೋಗುತ್ತಾರೆ, ಆದರೆ ಬರಿಗೈಲಿ ಹೋಗುತ್ತಾರೆ. ಅಲ್ಲಿ ಸಿಗುವ ಸಮಯವೇ ಕಮ್ಮಿ. ಅದರಲ್ಲಿ ಅರ್ಧ, ನೀವು ಬಾಡಿಗೆ ಕೊಡುತ್ತಿರುವುದು ಯಾರಿಗೆ ಅನ್ನುವುದನ್ನು ಬಿಡಿಸುವುದರಲ್ಲೇ ಕಳೆದುಹೋಗುತ್ತದೆ.

ಹಾಗಾಗಿ ಮೊದಲು ಇದನ್ನು ತಿಳಿದುಕೊಳ್ಳಿ: ಆ ಮನೆಯಲ್ಲಿ ಕಾನೂನಿನ ಪ್ರಕಾರ ನೀವು ಯಾರು? ಎಲ್ಲರೂ ಸೇರಿ ಒಂದೇ ಅಗ್ರಿಮೆಂಟಿಗೆ ಸಹಿ ಹಾಕಿದ್ದರೆ ಅದು ಜಾಯಿಂಟ್ ಟೆನೆನ್ಸಿ. ಒಬ್ಬ ಬಾಡಿಗೆ ಕೊಡದೆ ಓಡಿಹೋದರೆ ಓನರ್ ಅದನ್ನು ಉಳಿದವರ ಹತ್ತಿರ ಕೇಳಬಹುದು. ನಿಮ್ಮ ರೂಮಿಗೆ ಬೇರೆ ಅಗ್ರಿಮೆಂಟ್ ಇದ್ದರೆ ಪಕ್ಕದ ರೂಮಿನವರ ಬಾಕಿ ನಿಮ್ಮ ತಲೆಗೆ ಬರುವುದಿಲ್ಲ. ಮೂರನೆಯದು ನಮ್ಮವರಲ್ಲಿ ತುಂಬಾ ಜಾಸ್ತಿ. ಯಾರೋ ಒಬ್ಬರು ಇಡೀ ಮನೆ ಬಾಡಿಗೆಗೆ ಹಿಡಿದು, ತಾವೂ ಅಲ್ಲೇ ಇದ್ದುಕೊಂಡು, ಉಳಿದ ರೂಮುಗಳನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ ಕೊಡುತ್ತಾರೆ. ಆಗ ನೀವು ಸಾಮಾನ್ಯವಾಗಿ ಲಾಡ್ಜರ್. ಲಾಡ್ಜರ್‌ಗೆ ರಕ್ಷಣೆ ಬಹಳ ಕಮ್ಮಿ. ಸಾಕಷ್ಟು ಮುಂಚೆ ತಿಳಿಸಿದರೆ ಸಾಕು, ಕೋರ್ಟಿಗೆ ಹೋಗದೆಯೇ ಮನೆ ಬಿಡಿಸಬಹುದು. ಅಗ್ರಿಮೆಂಟೇ ಇಲ್ಲ ಅಂತ ಹೆದರಬೇಡಿ, ಬಾಯಿಮಾತಿನಲ್ಲಿ ಒಪ್ಪಿ ಬಾಡಿಗೆ ಕೊಡುತ್ತಿದ್ದರೂ ಹಕ್ಕುಗಳಿರುತ್ತವೆ. ಆದರೆ ಅದನ್ನು ತೋರಿಸಲು ಬ್ಯಾಂಕ್ ಸ್ಟೇಟ್‌ಮೆಂಟ್, ಮೆಸೇಜು ಬೇಕು. ನಮ್ಮೂರಿನವರೇ ಅಲ್ವಾ ಅಂತ ರಸೀದಿ ಇಲ್ಲದೆ ಕ್ಯಾಶ್ ಕೊಡುವ ಪದ್ಧತಿ ಇದೆಯಲ್ಲ, ಅದನ್ನು ದಯವಿಟ್ಟು ಬಿಡಿ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಸಂಕೋಚದಲ್ಲಿ ಮಕ್ಕಳು ನೂರಾರು ಪೌಂಡ್ ಕಳೆದುಕೊಳ್ಳುವುದನ್ನು ನೋಡಿ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಡಿಪಾಸಿಟ್ ವಿಷಯವನ್ನು ಮನೆಯಲ್ಲೇ ಕೂತು ನೋಡಬಹುದು. 2019ರಿಂದ ಮಾಮೂಲಿ ಮನೆಗಳಿಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ತೆಗೆದುಕೊಳ್ಳುವ ಹಾಗಿಲ್ಲ. ನೀವು ಲಾಡ್ಜರ್ ಅಲ್ಲದಿದ್ದರೆ ಸಾಮಾನ್ಯವಾಗಿ ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಮೂರು ಸ್ಕೀಮುಗಳಲ್ಲಿ ಒಂದರಲ್ಲಿ ನೋಂದಾಯಿಸಬೇಕು: ಡಿಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡಿಪಾಸಿಟ್ಸ್, ಟೆನೆನ್ಸಿ ಡಿಪಾಸಿಟ್ ಸ್ಕೀಮ್. ಮೂರರ ವೆಬ್‌ಸೈಟಿನಲ್ಲೂ ಹುಡುಕಿ, ಸಿಗದಿದ್ದರೆ ಆ ಪೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನೋಂದಾಯಿಸದ ಓನರ್‌ಗೆ ಕೋರ್ಟು ಡಿಪಾಸಿಟ್‌ನ ಒಂದರಿಂದ ಮೂರು ಪಟ್ಟು ದಂಡ ಹಾಕಬಹುದು, ಆ ದಂಡ ಬಾಡಿಗೆದಾರರಿಗೇ ಸೇರುತ್ತದೆ.

ಮನೆಯಲ್ಲಿ ಎಷ್ಟು ಜನ ಇದ್ದೀರಿ, ಯಾರು ಯಾರಿಗೆ ಸಂಬಂಧ ಅನ್ನುವುದನ್ನೂ ಬರೆದುಕೊಳ್ಳಿ. ಒಂದೇ ಕುಟುಂಬದವರಲ್ಲದ ಐದು ಅಥವಾ ಜಾಸ್ತಿ ಜನ ಅಡುಗೆಮನೆ, ಬಚ್ಚಲುಮನೆ ಹಂಚಿಕೊಂಡಿದ್ದರೆ ಆ ಮನೆಗೆ ಸಾಮಾನ್ಯವಾಗಿ ಕೌನ್ಸಿಲ್‌ನಿಂದ, ಅಂದರೆ ಸ್ಥಳೀಯ ಆಡಳಿತದಿಂದ, ಎಚ್‌ಎಂಒ (ಬೇರೆ ಬೇರೆ ಕುಟುಂಬದವರು ಹಂಚಿಕೊಂಡಿರುವ ಮನೆ) ಲೈಸೆನ್ಸ್ ಇರಬೇಕು. ಕೆಲವು ಕೌನ್ಸಿಲ್‌ಗಳಲ್ಲಿ ಮೂರು ನಾಲ್ಕು ಜನರಿದ್ದರೂ ಬೇಕು. ಲೈಸೆನ್ಸ್ ಇಲ್ಲದಿದ್ದರೆ ಕೊಟ್ಟ ಬಾಡಿಗೆಯಲ್ಲೇ ಒಂದಷ್ಟನ್ನು ಟ್ರಿಬ್ಯೂನಲ್ ಮೂಲಕ ವಾಪಸ್ ಕೇಳುವ ದಾರಿ ಇದೆ, ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ.

ಇನ್ನು ಒಂದು ಹಾಳೆಯಲ್ಲಿ ನಡೆದದ್ದನ್ನು ತಾರೀಖಿನ ಪ್ರಕಾರ ಬರೆಯಿರಿ. ಯಾವಾಗ ಬಂದಿರಿ, ಎಷ್ಟು ಕೊಟ್ಟಿರಿ, ಬೂಷ್ಟಿನ ಬಗ್ಗೆ ಯಾವತ್ತು ಹೇಳಿದಿರಿ, ಓನರ್ ಏನಂದರು. ಕೋಪ, ಬೇಜಾರು ಸಹಜ, ಆದರೆ ಆ ಹಾಳೆಯಲ್ಲಿ ಅದು ಬೇಡ. ಕೈಗೆ ನೋಟಿಸ್ ಬಂದಿದ್ದರೆ ಪೂರ್ತಿ ತೆಗೆದುಕೊಂಡು ಹೋಗಿ, ಮೊದಲ ಪುಟದ ಫೋಟೋ ಸಾಲದು. ಜಗಳ ಇದೆ ಅಂತ ನಿಮ್ಮಷ್ಟಕ್ಕೆ ನೀವೇ ಬಾಡಿಗೆ ನಿಲ್ಲಿಸಬೇಡಿ, ಅದೇ ನಿಮ್ಮನ್ನು ಬಿಡಿಸಲು ಕಾರಣವಾಗಬಹುದು.

ತಕರಾರು ಓನರ್ ಜೊತೆಗಾದರೆ ಮನೆಯವರೆಲ್ಲ ಒಟ್ಟಿಗೆ ಹೋಗುವುದು ಒಳ್ಳೆಯದು. ಜೊತೆಯಲ್ಲಿರುವವರ ಮೇಲೇ ಆದರೆ ಒಬ್ಬರೇ ಹೋಗಿ. ಅವರು ಮೊದಲೇ ಅದೇ ಕೇಂದ್ರಕ್ಕೆ ಹೋಗಿದ್ದರೆ ನಿಮಗೆ ಸಲಹೆ ಕೊಡಲು ಆಗದೆ ಬೇರೆ ಕಡೆ ಕಳಿಸಬಹುದು, ಆದ್ದರಿಂದ ಬುಕ್ ಮಾಡುವಾಗಲೇ ಹೇಳಿಬಿಡಿ. ಇಂಗ್ಲಿಷಿನಲ್ಲಿ ವಿವರಿಸುವುದು ಕಷ್ಟ ಅನ್ನಿಸಿದರೆ ಅದನ್ನೂ ಆಗಲೇ ಹೇಳಿ.

ವೀಸಾಕ್ಕೆ ತೊಂದರೆ ಆಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಇದು ಉಚಿತ ಸಲಹೆ, ಗುಟ್ಟಾಗಿ ಇಡುತ್ತಾರೆ, ಇದು ಸರ್ಕಾರದ ಭತ್ಯೆ ಪಡೆದ ಹಾಗೆ ಅಲ್ಲ.

ಮಾತು ಮುಗಿದು ಏಳುವ ಮುಂಚೆ, ನಾನು ಮುಂದೆ ಏನು ಮಾಡಬೇಕು, ಯಾವ ತಾರೀಖಿನೊಳಗೆ ಅಂತ ಕೇಳಿ. ಸಾಧ್ಯವಾದರೆ ಅದನ್ನು ಈಮೇಲಿನಲ್ಲಿ ಕಳಿಸಿಕೊಡಿ ಅನ್ನಿ.